ಒಳಸೇರಿದ ಸಾಲುಗಳು

ಓಲೆಗರಿಯ ಪ್ರತಿಗಳೊಡನೆ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ಲಿಪಿಕಾರನೊಬ್ಬ ಕಾವ್ಯದ ನಡುವೆ ತನ್ನದೊಂದು ಪದ್ಯವನ್ನು ಸೇರಿಸಿಬಿಡುತ್ತಾನೆ; ಆ ಪ್ರತಿಯನ್ನು ನೋಡಿ ಬರೆದವರೆಲ್ಲ ಅದನ್ನೂ ಬರೆಯುತ್ತ ಹೋಗುತ್ತಾರೆ. ಸಂಪಾದಕನಾದವನು ಅದನ್ನು ಪ್ರಕ್ಷಿಪ್ತವೆಂದು ಗುರುತಿಸಿ ಅಡಿಟಿಪ್ಪಣಿಗೆ ಇಳಿಸುತ್ತಾನೆ. ನಮ್ಮ ಮೈಯೊಳಗಿನ ಗ್ರಂಥದಲ್ಲಿಯೂ ಇಂಥ ಪ್ರಕ್ಷಿಪ್ತಗಳಿವೆಯೆಂದು ತಿಳಿದಾಗ ನನಗಾದ ಬೆರಗು ಸಣ್ಣದಲ್ಲ. ಅಲ್ಲಿ ಅವುಗಳನ್ನೆಲ್ಲ ಕಿತ್ತುಹಾಕಿದರೆ ನಾವು ಹುಟ್ಟುವುದೇ ಸಂದೇಹ!

ಆ ಗ್ರಂಥವೆಂದರೆ ಜೀವಕೋಶದಲ್ಲಿರುವ ಡಿ.ಎನ್.ಎ. ಅದರ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಪ್ರೋಟೀನುಗಳ ರಚನೆಯನ್ನು ಹೇಳುವ ಭಾಗ ನೂರಕ್ಕೆ ಎರಡರಷ್ಟೂ ಇಲ್ಲ; ಪ್ರಾಚೀನ ವೈರಸ್ಸುಗಳ ಅವಶೇಷವೋ, ನೂರಕ್ಕೆ ಸುಮಾರು ಎಂಟು. ರೆಟ್ರೊವೈರಸ್ ಎಂಬ ಜಾತಿಯವು ತಾವು ಹೊಕ್ಕ ಕೋಶದ ಡಿ.ಎನ್.ಎ.ಯಲ್ಲಿಯೇ ತಮ್ಮ ಬರಹವನ್ನು ಸೇರಿಸಿಬಿಡುತ್ತವೆ. ಸಾಮಾನ್ಯವಾಗಿ ಕೋಶ ಸತ್ತರೆ ಬರಹವೂ ಅಳಿಯಿತು. ಅಂಡಾಣು ವೀರ್ಯಾಣುಗಳ ಮೂಲಕೋಶವನ್ನು ಹೊಕ್ಕದ್ದಾದರೆ ಅದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಸಾಗುತ್ತದೆ. ನಮ್ಮಲ್ಲಿರುವುದು ಬಹುತೇಕ ಮನುಷ್ಯನೇ ಇಲ್ಲದಿದ್ದ ಕಾಲದಲ್ಲಿ, ಕೋಟ್ಯಂತರ ವರ್ಷಗಳ ಹಿಂದೆ, ನಮ್ಮ ಪೂರ್ವಜ ಪ್ರಾಣಿಗಳಿಗೆ ತಗುಲಿದ ಸೋಂಕಿನ ಗುರುತು.

ಇಂಥ ಬರಹದ ಎರಡು ತುದಿಗಳಲ್ಲಿಯೂ ‘ಇಲ್ಲಿಂದ ಓದು’ ಎಂಬ ಅಪ್ಪಣೆಯಿರುತ್ತದೆ. ವೈರಸ್ಸು ತನ್ನ ಸ್ವಾರ್ಥಕ್ಕಾಗಿ ಬರೆದುಕೊಂಡದ್ದು. ನಡುವಿನ ಬರಹ ಕಳಚಿಹೋದರೂ ಎಷ್ಟೋ ಕಡೆ ಈ ತುದಿ ಉಳಿದಿದೆ; ಪಕ್ಕದಲ್ಲಿ ನಮ್ಮ ಜೀನೊಂದಿದ್ದರೆ ಅದನ್ನೇ ಓದಿಸಬಲ್ಲದು. ಜೀನಿನ ಒಕ್ಕಣೆ ಬದಲಾಗುವುದಿಲ್ಲ. ಅದನ್ನು ಯಾವ ಅಂಗದಲ್ಲಿ, ಯಾವಾಗ, ಎಷ್ಟು ಸಲ ಓದಬೇಕೆಂಬುದು ಬದಲಾಗುತ್ತದೆ.

ಅನ್ನದ ತುತ್ತನ್ನು ನಿಧಾನವಾಗಿ ಅಗಿದರೆ ಸಿಹಿಯಾಗುವುದನ್ನು ತಾವು ಗಮನಿಸಿರಬಹುದು. ಪಿಷ್ಟವನ್ನು ಸಕ್ಕರೆಯಾಗಿಸುವ ಅಮೈಲೇಸ್ ಜೊಲ್ಲಿನಲ್ಲಿರುವುದೇ ಇದಕ್ಕೆ ಕಾರಣ. ಮನುಷ್ಯನಲ್ಲಿ ಆ ಜೀನಿನ ಮುಂದೆ ವೈರಸ್ಸಿನ ತುಣುಕೊಂದು ಕುಳಿತಿದೆ. ಅದನ್ನು ಇಲಿಗಳಲ್ಲಿ ಸೇರಿಸಿದಾಗ ಜೊಲ್ಲಿನ ಗ್ರಂಥಿಯಲ್ಲಿ ತನ್ನ ಪಕ್ಕದ ಜೀನನ್ನು ಓದಿಸಿತೆಂದು 1992ರಲ್ಲಿ ಪ್ರಕಟವಾಯಿತು. (ಈ ತುಣುಕಿಲ್ಲದ ಸಾಮಾನ್ಯ ಇಲಿಯ ಜೊಲ್ಲಿನಲ್ಲಿಯೂ ಅಮೈಲೇಸ್ ಉಂಟು, ನಿಸರ್ಗಕ್ಕೆ ದಾರಿ ಒಂದೇ ಅಲ್ಲ.)

ಇದಕ್ಕಿಂತ ದೊಡ್ಡ ಸೋಜಿಗ ತಾಯಿಯ ಗರ್ಭದಲ್ಲಿದೆ. ಮಾಸಿನ ಹೊರಪದರದಲ್ಲಿ ಅಸಂಖ್ಯ ಕೋಶಗಳು ತಮ್ಮ ನಡುವಣ ಗೋಡೆಗಳನ್ನು ಕಳಚಿ ಒಂದಾಗಿ ಬೆಸೆದುಕೊಂಡಿರುತ್ತವೆ; ತಾಯಿಯ ರಕ್ತದಿಂದ ಮಗುವಿಗೆ ಆಹಾರ ಸಲ್ಲುವುದು ಈ ಪದರವನ್ನು ದಾಟಿಯೇ. ಹಾಗೆ ಬೆಸೆಯುವ ಪ್ರೋಟೀನು ಸಿನ್‌ಸಿಟಿನ್. ಒಂದು ಕಾಲದಲ್ಲಿ ಅದು ವೈರಸ್ಸಿನ ಹೊದಿಕೆಯ ಪ್ರೋಟೀನು, ಕೋಶಕ್ಕೆ ಬೆಸೆದುಕೊಂಡು ಒಳನುಗ್ಗುವ ಸಾಧನ, ಎಂಬುದು 2000ದಲ್ಲಿ ಬೆಳಕಿಗೆ ಬಂತು. ಇಲಿಗಳಲ್ಲಿ ಇದೇ ಕೆಲಸಕ್ಕೆ ಬೇರೊಂದು ವೈರಸ್ಸಿನಿಂದ ಬಂದ ಜೀನುಗಳಿವೆ. ಅವುಗಳಲ್ಲೊಂದನ್ನು ತೆಗೆದಾಗ ಮರಿಗಳು ಗರ್ಭದಲ್ಲಿಯೇ ಸತ್ತುವೆಂದು 2009ರಲ್ಲಿ ವರದಿಯಾಯಿತು.

ಹಾಗೆಂದು ಎಲ್ಲ ಅಪ್ಪಣೆಗಳೂ ಹಿತವಲ್ಲ. ದೇಹವು ಬಹುಪಾಲನ್ನು ರಾಸಾಯನಿಕ ಮುದ್ರೆಯೊತ್ತಿ ಮುಚ್ಚಿಟ್ಟಿದೆ. ಹಾಜ್‌ಕಿನ್ ಲಿಂಫೋಮ ಎಂಬ ಕ್ಯಾನ್ಸರಿನ ಕೋಶಗಳಲ್ಲಿ ಈ ಮುದ್ರೆ ಸಡಿಲಿ, ಅಂಥ ಒಂದು ತುದಿ ಎಚ್ಚತ್ತು, ಅಲ್ಲಿ ಓದಬಾರದ ಜೀನೊಂದನ್ನು ಓದಿಸುತ್ತಿದ್ದುದನ್ನು 2010ರಲ್ಲಿ ಕಂಡರು. ಆ ಕೋಶಗಳ ಉಳಿವಿಗೆ ಆಧಾರವಾಗಿದ್ದುದೂ ಅದೇ ಓದು.