ಒತ್ತಿಗೂ ಒಂದಿಷ್ಟು ಜಾಗ

ಹಾಳೆಯ ಮೇಲೆ ‘ಗರಗರ’ ಎಂದು ದಪ್ಪಗೆ ಬರೆಯಿರಿ. ಅದರ ಕೆಳಗೆ ‘ಜಲಜ’ ಎಂದು ಬರೆಯಿರಿ. ಎರಡರಲ್ಲೂ ಅಳತೆಪಟ್ಟಿ ಇಟ್ಟು ಅಕ್ಷರಗಳ ನಡುವೆ ಒಂದೇ ಅಂತರ ಬಿಟ್ಟು ನೋಡಿ, ಕಣ್ಣು ಅದನ್ನು ಒಪ್ಪುವುದಿಲ್ಲ. ಗುಂಡಗಿನ ಎರಡು ಅಕ್ಷರಗಳು ಹೊಟ್ಟೆಗೆ ಹೊಟ್ಟೆ ತಾಗುವಷ್ಟು ಸಮೀಪ ಬಂದರೂ ಮೇಲೆ ಕೆಳಗೆ ಬಿಳಿ ಉಳಿದೇ ಇರುತ್ತದೆ. ‘ಗ’ ಮತ್ತು ‘ರ’ಗಳ ತಲಕಟ್ಟು ಆ ಬಿಳಿಯ ಮೇಲೊಂದು ಚಾವಣಿ ಎಳೆಯುತ್ತದೆ. ‘ಜ’, ‘ಲ’ಗಳಿಗೆ ತಲಕಟ್ಟೇ ಇಲ್ಲ, ಹಾಗಾಗಿ ಅಲ್ಲಿ ಮೇಲ್ಭಾಗ ಬಟಾಬಯಲು. ಓದುವಾಗ ಕಣ್ಣು ಲೆಕ್ಕಕ್ಕೆ ತೆಗೆದುಕೊಳ್ಳುವುದು ಎರಡು ಅಕ್ಷರಗಳ ನಡುವೆ ಸಿಕ್ಕಿಕೊಂಡ ಒಟ್ಟು ಬಿಳಿಯನ್ನು. ಸ್ಕೇಲಿಗೆ ಸಿಗುವುದು ಅಂಚುಗಳ ದೂರ ಮಾತ್ರ.

ಈ ಬಿಳಿಯನ್ನು ಹದಕ್ಕೆ ತರುವುದು ಅಕ್ಷರ ವಿನ್ಯಾಸಕರ ಕಸುಬಿನಲ್ಲಿ ಅರ್ಧ ಭಾಗ. ಫಾಂಟಿನಲ್ಲಿ ಪ್ರತಿ ಅಕ್ಷರವನ್ನು ಕೂರಿಸುವಾಗಲೇ ಅದರ ಎಡಕ್ಕೂ ಬಲಕ್ಕೂ ಇಂತಿಷ್ಟು ಜಾಗವೆಂದು ಗೊತ್ತುಮಾಡುತ್ತಾರೆ, ಅದು ಸೈಡ್‌ಬೇರಿಂಗ್. ಅಷ್ಟಕ್ಕೂ ಹೊಂದಿಕೊಳ್ಳದ ಜೋಡಿಗಳನ್ನು ಹುಡುಕಿ, ಆ ಜೋಡಿಗಳನ್ನಷ್ಟೇ ಹತ್ತಿರ ತರುವುದು ಅಥವಾ ದೂರ ಸರಿಸುವುದು ಕೆರ್ನಿಂಗ್. ಇಡೀ ಪದವನ್ನೋ ಸಾಲನ್ನೋ ಒಂದೇ ಸಮನೆ ಬಿಗಿ ಅಥವಾ ಸಡಿಲ ಮಾಡುವುದು ಟ್ರ್ಯಾಕಿಂಗ್. ಡಿಟಿಪಿ ಅಂಗಡಿಗಳಲ್ಲಿ ಎಲ್ಲಕ್ಕೂ ‘ಸ್ವಲ್ಪ ಟೈಟ್ ಮಾಡಿ’ ಎಂಬ ಒಂದೇ ಮಾತು. ಆದರೆ ಮೊದಲನೆಯದು ಕೆಟ್ಟಿದ್ದರೆ ಮಿಕ್ಕ ಎರಡೂ ತೇಪೆ ಹಾಕುವ ಕೆಲಸವೇ.

ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಇದು ಲೋಹದ ಪ್ರಶ್ನೆಯಾಗಿತ್ತು. ಪ್ರತಿ ಅಕ್ಷರವೂ ಒಂದು ಚೌಕ ಮೊಳೆಯ ತುದಿಯಲ್ಲಿ ಕೂತಿರುತ್ತಿತ್ತು. ಎರಡು ಮೊಳೆಗಳು ಒಂದಕ್ಕೊಂದು ತಾಗಿ ನಿಂತ ಮೇಲೆ ಇನ್ನೂ ಹತ್ತಿರ ತರಲು ದಾರಿಯಿಲ್ಲ. ಇಂಗ್ಲಿಷಿನ ಓರೆ ಎಫ್‌ನಂಥ ಅಕ್ಷರದ ಬಾಲವನ್ನು ಮೊಳೆಯ ಆಚೆಗೆ ಚಾಚಿಸಿ ಎರಕ ಹೊಯ್ಯುತ್ತಿದ್ದರು. ಹೀಗೆ ಹೊರಚಾಚಿದ ಭಾಗಕ್ಕೇ ಕೆರ್ನ್ ಎಂಬ ಹೆಸರು. ಆಧಾರವಿಲ್ಲದ ಆ ತುದಿ ಒತ್ತಡಕ್ಕೆ ಬೇಗ ಮುರಿಯುತ್ತಿತ್ತು, ಪಕ್ಕದ ಅಕ್ಷರದ ಚುಕ್ಕೆಗೆ ಬಡಿಯುತ್ತಲೂ ಇತ್ತು. ಎಫ್ ಮತ್ತು ಐ ಎರಡನ್ನೂ ಕೂಡಿಸಿ ಒಂದೇ ಮೊಳೆಯಾಗಿ ಎರೆದದ್ದು ಈ ತೊಂದರೆಗೆ ಕಂಡುಕೊಂಡ ಪರಿಹಾರಗಳಲ್ಲೊಂದು. ಈಗ ಅದನ್ನು ಅಂದಕ್ಕೆ ಮಾಡಿದ್ದೆಂದು ತಿಳಿಯುವವರೇ ಹೆಚ್ಚು. 1886ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಕೂತ ಲಿನೊಟೈಪ್ ಯಂತ್ರದಲ್ಲಿ ಬಾಲ ಚಾಚುವ ಅವಕಾಶವೇ ಇರಲಿಲ್ಲ. ಯಂತ್ರಕ್ಕೆ ಒಗ್ಗಲೆಂದು ಎಫ್‌ನ ಕುತ್ತಿಗೆಯನ್ನೇ ಮುದುರಿದರು. ದಶಕಗಳ ಕಾಲ ಪತ್ರಿಕೆ ಓದುವವರು ಆ ಮುದುರಿದ ಎಫ್ ಅನ್ನೇ ನೋಡುತ್ತ ಬಂದರು.

ಕನ್ನಡದ ಮೊದಲ ಪತ್ರಿಕೆಗೆ ಈ ಕಾಟ ಇರಲಿಲ್ಲ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಕಲ್ಲಚ್ಚಿನಲ್ಲಿ ಬರಹಗಾರನ ಕೈಬರಹವೇ ನೇರ ಕಾಗದಕ್ಕೆ ಇಳಿಯುತ್ತದೆ. ಒತ್ತಕ್ಷರ ಬಂದಾಗ ಲೇಖಣಿ ತಾನೇ ಒಂದಿಷ್ಟು ಸರಿದು ಜಾಗ ಮಾಡಿಕೊಡುತ್ತದೆ, ಎಡವಟ್ಟು ಜೋಡಿ ಬಂದರೆ ಬರೆಯುವವನ ಕೈ ಅಲ್ಲೇ ಹೊಂದಿಸಿಕೊಳ್ಳುತ್ತದೆ. ಪತ್ರಿಕೆ ಮರುವರ್ಷ ಬಳ್ಳಾರಿಗೆ ಹೋಗಿ ಮೊಳೆಗಳಲ್ಲಿ ಅಚ್ಚಾಗತೊಡಗಿತು. ಓದಲು ಹೆಚ್ಚು ಸ್ಪಷ್ಟ, ಅಚ್ಚು ಹಾಕಲು ಹೆಚ್ಚು ಸಲೀಸು. ಹೋದದ್ದು ಕೈಯ ಆ ಸ್ವಾತಂತ್ರ್ಯ. ಮುದ್ರಣದ ಚರಿತ್ರೆ ಬರೆಯುವವರು ಈ ನಷ್ಟವನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೆ ಇದು ಸಣ್ಣದೆನಿಸುವುದಿಲ್ಲ.

ಅಂತರವನ್ನು ಯಂತ್ರಕ್ಕೆ ಕಲಿಸಬಹುದೇ? ಇಂಗ್ಲೆಂಡಿನಲ್ಲಿ ರಸ್ತೆ ಫಲಕಗಳ ನೆಪದಲ್ಲಿ ಇದಕ್ಕೆ ಎರಡು ಬಗೆಯ ಉತ್ತರ ಬಂದವು. 1958ರಲ್ಲಿ ಅಲ್ಲಿನ ಮೊದಲ ಮೋಟಾರು ಹೆದ್ದಾರಿ ತೆರೆದಾಗ ಅದರ ಫಲಕಗಳನ್ನು ರೂಪಿಸಿದವರು ಜಾಕ್ ಕಿನಿಯರ್ ಮತ್ತು ಮಾರ್ಗರೆಟ್ ಕಾಲ್ವರ್ಟ್. ಇವರು ಪ್ರತಿ ಅಕ್ಷರವನ್ನೂ ಒಂದೊಂದು ಬಿಲ್ಲೆಯ ಮೇಲೆ ಕೂರಿಸಿ, ಅಕ್ಕಪಕ್ಕದ ಜಾಗವನ್ನು ಬಿಲ್ಲೆಯಲ್ಲೇ ಸೇರಿಸಿಬಿಟ್ಟರು. ಫಲಕ ಮಾಡುವವನು ಬಿಲ್ಲೆಗಳನ್ನು ಒತ್ತಾಗಿ ಜೋಡಿಸಿದರೆ ಸಾಕು, ಅಂತರ ತಾನಾಗಿ ಸರಿಬರುತ್ತಿತ್ತು. ಇದೇ ಫಲಕಗಳಿಗೆ ಬೇರೊಂದು ಅಕ್ಷರಮಾಲೆ ಮಾಡಿ ಪೈಪೋಟಿಗೆ ಇಳಿದು ಸೋತವರು ಡೇವಿಡ್ ಕಿಂಡರ್ಸ್‌ಲಿ. ಎರಿಕ್ ಗಿಲ್ ಬಳಿ ಕಲಿತು ಕೇಂಬ್ರಿಜ್‌ನಲ್ಲಿ ಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಿದ್ದವರು ಇವರು. ಪ್ರತಿ ಅಕ್ಷರಕ್ಕೂ ಕಣ್ಣಿಗೆ ಕಾಣುವ ಒಂದು ನಡುಬಿಂದು ಇದೆ, ಅದನ್ನು ಹುಡುಕಿದರೆ ಅಂತರ ತಾನೇ ಗೊತ್ತಾಗುತ್ತದೆ ಎಂಬುದು ಅವರ ನಂಬಿಕೆ. ಅದಕ್ಕೆ ಗಣಿತದ ಸೂತ್ರ ಕಟ್ಟಿದರು, ಬೆಳಕು ಹಾಯಿಸಿ ಅಳೆಯುವ ಉಪಕರಣ ಮಾಡಿದರು, ಪುಸ್ತಕವನ್ನೂ ಬರೆದರು. ಉಳಿ ಹಿಡಿದು ಕಣ್ಣಂದಾಜಿನಲ್ಲಿ ಕೆತ್ತುವವರೇ ಯಂತ್ರದ ಸೂತ್ರಕ್ಕೆ ಅಷ್ಟು ವರ್ಷ ಕೊಟ್ಟದ್ದು ನನಗೆ ಈ ಕಥೆಯಲ್ಲೆಲ್ಲ ಇಷ್ಟವಾದ ಸಂಗತಿ. ಗೆದ್ದದ್ದು ಬಿಲ್ಲೆಯ ದಾರಿ. ಇಂದಿನ ಪ್ರತಿ ಫಾಂಟಿನಲ್ಲೂ ಅಕ್ಷರ ಕೂತಿರುವುದು ಕಣ್ಣಿಗೆ ಕಾಣದ ಒಂದು ಬಿಲ್ಲೆಯ ಮೇಲೆಯೇ.

ಡಿಜಿಟಲ್ ಫಾಂಟಿನಲ್ಲಿ ಈ ಬಿಲ್ಲೆಯ ಎತ್ತರವನ್ನು ಸಾಮಾನ್ಯವಾಗಿ 1000 ಅಥವಾ 2048 ಭಾಗಗಳಾಗಿ ಹಂಚಿರುತ್ತಾರೆ. ವಿನ್ಯಾಸಕ ಹತ್ತು ಭಾಗ ಒಳಗೆ, ಐದು ಭಾಗ ಹೊರಗೆ ಎಂದು ಸರಿಸುತ್ತ ಕೂರುತ್ತಾನೆ. ಕಾಲು ಗುಲಗಂಜಿಯಷ್ಟರ ವ್ಯವಹಾರ ಎನಿಸಬಹುದು. ಆದರೆ 2014ರಲ್ಲಿ ಗೂಗಲ್ ತನ್ನ ಲಾಂಛನದ ಎರಡು ಅಕ್ಷರಗಳನ್ನು ಒಂದೊಂದು ಪಿಕ್ಸೆಲ್ ಸರಿಸಿತು. ಅದನ್ನೂ ಕಂಡುಹಿಡಿದು ಊರಿಗೆಲ್ಲ ಸಾರಿದವರಿದ್ದರು.

ಇಂಗ್ಲಿಷಿಗೆ ಅಂತರ ಕೊಡುವ ವಿಧಾನವನ್ನು ವಾಲ್ಟರ್ ಟ್ರೇಸಿ 1986ರ ತಮ್ಮ ಪುಸ್ತಕದಲ್ಲಿ ಬಿಡಿಸಿ ಹೇಳಿದ್ದಾರೆ. ನೆಟ್ಟಗೆ ಕಂಬದಂತೆ ನಿಂತ ಒಂದು ಅಕ್ಷರ, ಗುಂಡಗಿನ ಇನ್ನೊಂದು ಅಕ್ಷರ: ಈ ಎರಡರ ಅಂತರವನ್ನು ಮೊದಲು ಪಳಗಿಸಿಕೊಂಡರೆ ಮಿಕ್ಕವನ್ನು ಅವುಗಳಿಂದ ಹೊರಡಿಸಬಹುದು. ಕನ್ನಡಕ್ಕೆ ಬಂದರೆ ಈ ವಿಧಾನ ಮೊದಲ ಮೆಟ್ಟಿಲಲ್ಲೇ ಮುಗ್ಗರಿಸುತ್ತದೆ, ಏಕೆಂದರೆ ನಮ್ಮಲ್ಲಿ ನೆಟ್ಟಗೆ ನಿಂತ ಕಂಬವೇ ಇಲ್ಲ. ಇರುವುದೆಲ್ಲ ದುಂಡು, ಅದರಲ್ಲೇ ಅಗಲದ ವ್ಯತ್ಯಾಸ. ‘ರ’ ಇಷ್ಟೇ ಜಾಗದಲ್ಲಿ ಮುಗಿದರೆ ‘ಯ’, ‘ಮ’, ‘ಝ’ಗಳು ಕಾಲು ಚಾಚಿ ಮಲಗುತ್ತವೆ.

ಇನ್ನು ಸಂಖ್ಯೆ. ಇಂಗ್ಲಿಷಿನ ದೊಡ್ಡವು ಸಣ್ಣವು ಸೇರಿ 52 ಅಕ್ಷರ, ಜೋಡಿಗಳು 2,704. ಕನ್ನಡದ 34 ವ್ಯಂಜನಗಳನ್ನು 13 ಸ್ವರಗಳೊಡನೆ ಕಾಗುಣಿತ ಮಾಡಿದರೆ 442 ರೂಪಗಳು. ಅವುಗಳದೇ ಜೋಡಿ ಹಾಕಿದರೆ ಎರಡು ಲಕ್ಷದ ಹತ್ತಿರ. ಒತ್ತಕ್ಷರಗಳನ್ನು ಇನ್ನೂ ಮುಟ್ಟಿಲ್ಲ. ಒಂದೊಂದನ್ನೂ ಕೈಯಿಂದ ತಿದ್ದುವುದು ಆಗದ ಮಾತು. ಆದರೆ ಲಿಪಿಯೇ ಒಂದು ಉಪಕಾರ ಮಾಡಿದೆ. ‘ಕಾ’, ‘ಗಾ’, ‘ದಾ’ ಎಲ್ಲವೂ ಬಲಗಡೆ ಮುಗಿಯುವುದು ಅದೇ ಇಳಿಯ ಕೊಕ್ಕೆಯಲ್ಲಿ. ‘ಕು’, ‘ಗು’, ‘ದು’ ಮುಗಿಯುವುದು ಅದೇ ಕೊಂಬಿನಲ್ಲಿ. ಬಲ ಅಂಚನ್ನು ಬಹುಮಟ್ಟಿಗೆ ಸ್ವರ ತೀರ್ಮಾನಿಸುತ್ತದೆ, ಎಡ ಅಂಚನ್ನು ವ್ಯಂಜನ. ಅಂಚುಗಳನ್ನು ಹೀಗೆ ಗುಂಪು ಮಾಡಿಕೊಂಡರೆ ಎರಡು ಲಕ್ಷ ಕರಗಿ ಕೈಗೆ ಸಿಗುವಷ್ಟಾಗುತ್ತದೆ. 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಡೋಬಿ ಸೇರಿ ಪ್ರಕಟಿಸಿದ ಓಪನ್‌ಟೈಪ್ ವ್ಯವಸ್ಥೆಯಲ್ಲಿ ಇಂಥ ಗುಂಪುಗಳನ್ನು ಫಾಂಟಿನೊಳಗೇ ಬರೆದಿಡಲು ಜಾಗವಿದೆ.

ನಿಜವಾದ ತಕರಾರು ಇರುವುದು ಸಾಲಿನ ಕೆಳಗೆ. ‘ಉತ್ತರ’ ಎಂಬ ಪದದಲ್ಲಿ ತ-ಒತ್ತು ಕೆಳಗೆ ಬಲಕ್ಕೆ ಇಳಿಯುತ್ತದೆ. ಮುಂದಿನ ‘ರ’ದ ಕೆಳಗೆ ಖಾಲಿ ಇರುವುದರಿಂದ ಅದರಡಿ ಸ್ವಲ್ಪ ನುಸುಳಿದರೂ ನಡೆಯುತ್ತದೆ. ‘ಮುತ್ತಜ್ಜ’ದಲ್ಲಿ ಹಾಗಾಗದು, ಎರಡು ಒತ್ತುಗಳೂ ಒಂದೇ ಕೇರಿಯಲ್ಲಿ ಮನೆ ಕೇಳುತ್ತವೆ. ‘ಕೃಷ್ಣ’ದಲ್ಲಿ ಋಕಾರದ ಬಾಲ ಮುಗಿಯುವಷ್ಟರಲ್ಲಿ ಣ-ಒತ್ತು ಬಂದು ನಿಂತಿರುತ್ತದೆ. ‘ರಾಷ್ಟ್ರೀಯ’ವಂತೂ ವಿನ್ಯಾಸಕನ ಪರೀಕ್ಷಾ ಕೊಠಡಿ: ಟ-ಒತ್ತು, ಅದರ ಮಗ್ಗುಲಲ್ಲಿ ರ-ಒತ್ತು, ಬಲಕ್ಕೆ ದೀರ್ಘ, ಆಮೇಲೆ ಅಗಲವಾದ ‘ಯ’. ಒತ್ತಿಗೆ ಸ್ವಂತ ಅಗಲ ಕೊಟ್ಟರೆ ಪದದ ಮೇಲ್ಭಾಗದಲ್ಲಿ ತೂತು ಬೀಳುತ್ತದೆ. ಅಗಲವೇ ಕೊಡದೆ ನೇತುಹಾಕಿದರೆ ಪಕ್ಕದವರಿಗೆ ಡಿಕ್ಕಿ ಹೊಡೆಯುತ್ತದೆ. ಪಕ್ಕದಲ್ಲಿ ಯಾರಿದ್ದಾರೆಂದು ನೋಡಿ ಸರಿಯುವ ನಿಯಮಗಳನ್ನು ಬರೆಯುವುದೊಂದೇ ದಾರಿ, ಆ ಕೆಲಸಕ್ಕೆ ತಿಂಗಳುಗಳು ಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿಗಾಗಿ ಫಿಯೋನಾ ರಾಸ್ ಮತ್ತು ಫರ್ನಾಂಡೊ ಮೆಲ್ಲೊ ರೂಪಿಸಿದ ಕನ್ನಡ ಅಕ್ಷರಗಳು ಈಗ ಟೀರೋ ಕನ್ನಡ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಬಳಸಬಹುದಾದ ಫಾಂಟ್ ಆಗಿವೆ. ಹಳಗನ್ನಡ, ನಡುಗನ್ನಡ ಕಾವ್ಯಗಳ ದಟ್ಟ ಒತ್ತಕ್ಷರಗಳನ್ನು ಅದರಲ್ಲಿ ಹಾಕಿ ನೋಡಿ. ಆ ತಿಂಗಳುಗಳು ಕಾಣಿಸುತ್ತವೆ.

ಇದಕ್ಕೆ ವಿರುದ್ಧವಾದದ್ದನ್ನು ನೋಡಲು ಯಾವ ಊರಿನ ವೃತ್ತದಲ್ಲಿ ನಿಂತರೂ ಆದೀತು. ಫ್ಲೆಕ್ಸ್‌ಗಳಲ್ಲಿ ಇಂದಿಗೂ ನಡೆಯುವ ಹಳೆಯ ಬಗೆಯ ಫಾಂಟುಗಳಲ್ಲಿ ಕೊಂಬು, ದೀರ್ಘ, ಒತ್ತು ಎಲ್ಲವೂ ಬಿಡಿ ಬಿಡಿ ತುಣುಕುಗಳು. ನಾಯಕರ ಹೆಸರು ಬ್ಯಾನರಿನ ಉದ್ದಕ್ಕೂ ಹರಡಲೆಂದು ಟ್ರ್ಯಾಕಿಂಗ್ ಹಿಗ್ಗಿಸಿದರೆ ಅಕ್ಷರ ಒಂದು ಕಡೆ, ಅದರ ಕೊಂಬು ಇನ್ನೊಂದು ಕಡೆ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಬಿಡಿಸಿಟ್ಟರೆ ಗತ್ತು ಬರುತ್ತದೆಂದು ಕನ್ನಡಕ್ಕೂ ಅದನ್ನೇ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕನ್ನಡದ ಪದ ಒಗ್ಗೂಡಿ ನಿಂತರೇ ಓದಿಸಿಕೊಳ್ಳುವುದು. ಬಣ್ಣದ ಡಬ್ಬಿ ಹಿಡಿದು ಬೋರ್ಡು ಬರೆಯುತ್ತಿದ್ದವರ ಕೈಯಲ್ಲಿ ಈ ತಪ್ಪು ಅಪರೂಪ. ಅವರು ಮೊದಲು ಸೀಮೆಸುಣ್ಣದಲ್ಲಿ ಇಡೀ ಪದ ಗೀಚಿ, ದೂರ ನಿಂತು ನೋಡಿ, ಆಮೇಲೆ ಕುಂಚ ಎತ್ತುತ್ತಿದ್ದರು.

ಪತ್ರಿಕೆಯ ಪುಟದ ಕಷ್ಟ ಬೇರೆ. ಕಾಲಂ ಸಣ್ಣದು, ನಮ್ಮ ಪದಗಳು ಉದ್ದ. ‘ಮಾಡಬೇಕಾಗಿರುವುದರಿಂದ’ ಎಂಬುದು ಒಂದು ಸಾಲಿನ ಬಹುಪಾಲನ್ನು ನುಂಗುತ್ತದೆ. ಎರಡೂ ಅಂಚು ಸಮ ಬರಲೇಬೇಕು ಎಂದಾಗ ತಂತ್ರಾಂಶ ಒಂದೋ ಪದಗಳ ನಡುವೆ ಹಳ್ಳ ತೋಡುತ್ತದೆ, ಇಲ್ಲವೇ ಅಕ್ಷರಗಳನ್ನು ಎಳೆಯುತ್ತದೆ. ಪ್ಯಾರಾದ ಕೊನೆಗೆ ಒಂಟಿಯಾಗಿ ಉಳಿದ ಪದವನ್ನು ಮೇಲಿನ ಸಾಲಿಗೆ ಎತ್ತಲು ಪುಟ ಕಟ್ಟುವವರು ಟ್ರ್ಯಾಕಿಂಗನ್ನು ಮೈನಸ್‌ಗೆ ಇಳಿಸುತ್ತಾರೆ; ಆ ಸಾಲು ಸುತ್ತಲಿನ ಸಾಲುಗಳಿಗಿಂತ ಕಪ್ಪಗೆ ಕಾಣುತ್ತದೆ. ಪದ ಒಡೆಯಲು ಅಡ್ಡಗೆರೆ ಬಳಸಿದರೆ ಅರ್ಧ ತೊಂದರೆ ತೀರುತ್ತದೆ. ಮೊಳೆ ಜೋಡಿಸುವ ಕಾಲದ ಪುಸ್ತಕಗಳಲ್ಲಿ ಅದು ಧಾರಾಳವಾಗಿ ಇತ್ತು. ಈಗ ಅದನ್ನು ಏಕೆ ಕೈಬಿಟ್ಟೆವೋ.

ಮದುವೆ ಕಾಗದಕ್ಕೋ ಪುಸ್ತಕಕ್ಕೋ ಫಾಂಟ್ ಆರಿಸುವವರು ‘ಅ ಆ ಇ ಈ’ ನೋಡಿ ಒಪ್ಪಿಬಿಡುತ್ತಾರೆ. ಬಿಡಿಯಾಗಿ ನಿಂತಾಗ ಎಲ್ಲ ಅಕ್ಷರವೂ ಚೆಂದವೇ. ‘ರಾಷ್ಟ್ರೀಯ’, ‘ಕೃಷ್ಣ’, ‘ಮುತ್ತಜ್ಜ’, ‘ಸ್ತ್ರೀ’ ಇವಿಷ್ಟನ್ನು ದೊಡ್ಡದಾಗಿ ಒಮ್ಮೆ, ಓದುವ ಗಾತ್ರದಲ್ಲಿ ಒಮ್ಮೆ ಅಚ್ಚು ತೆಗೆಸಿ ಕಾಗದವನ್ನು ತಲೆಕೆಳಗು ಮಾಡಿ ನೋಡಬೇಕು. ತಲೆಕೆಳಗಾದಾಗ ಓದು ನಿಲ್ಲುತ್ತದೆ, ಅಕ್ಷರದ ನಡುವಿನ ಬಿಳಿ ಮಾತ್ರ ಕಣ್ಣಿಗೆ ಬೀಳುತ್ತದೆ. ಎಲ್ಲಿ ತೂತು, ಎಲ್ಲಿ ಗುದ್ದಾಟ ಎಂಬುದಕ್ಕೆ ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ.