ನಿಮಗಿದು ಗೊತ್ತೇ? ಮರಳುಗಾಡಿನ ಕಟ್ಟಡ ಕಾವನ್ನು ತಡೆಯುವ ಬಗೆ

ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ಉಷ್ಣಾಂಶ 53.9 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಏಷ್ಯಾ ಖಂಡದಲ್ಲೇ ಇದು ಗರಿಷ್ಠವೆಂದು ವಿಶ್ವ ಹವಾಮಾನ ಸಂಸ್ಥೆ 2019ರಲ್ಲಿ ಒಪ್ಪಿಕೊಂಡಿತು. ಇದು ನೆರಳಿನಲ್ಲಿ ಅಳೆದ ಗಾಳಿಯ ಬಿಸಿ. ಬಿಸಿಲಿಗೆ ಮೈಯೊಡ್ಡಿ ಮಲಗಿರುವ ಕಪ್ಪು ತಾರಸಿ ಇದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಅದರ ಕೆಳಗೇ ಬ್ಯಾಂಕು, ಆಸ್ಪತ್ರೆ, ಸೂಪರ್‌ಮಾರ್ಕೆಟ್ಟು 24 ಡಿಗ್ರಿಯ ತಂಪಿನಲ್ಲಿ ನಡೆಯಬೇಕು.

ಕುವೈತಿನಲ್ಲಿ ಬೇಸಿಗೆಯ ವಿದ್ಯುತ್ ಬೇಡಿಕೆ ತುತ್ತತುದಿಗೇರಿದ ಹೊತ್ತಿನಲ್ಲಿ ಸುಮಾರು ಶೇ 70ರಷ್ಟನ್ನು ಎಸಿಗಳೇ ನುಂಗುತ್ತವೆ. ಹೀಗಾಗಿ ಆ ಪುಟ್ಟ ದೇಶ 1983ರಷ್ಟು ಹಿಂದೆಯೇ ಕಟ್ಟಡಗಳಿಗೆ ಇಂಧನ ಉಳಿತಾಯದ ಸಂಹಿತೆ ತಂದಿತು. ದುಬೈ ನಗರಾಡಳಿತ ಹೊಸ ಕಟ್ಟಡಗಳ ಗೋಡೆ, ತಾರಸಿಗೆ ಉಷ್ಣನಿರೋಧಕ ಕಡ್ಡಾಯವೆಂದದ್ದು 2003ರಲ್ಲಿ. ತೈಲ ಹೇರಳವಾಗಿರುವ ನಾಡುಗಳಿಗೂ ಕರೆಂಟು ಉಳಿಸುವ ಚಿಂತೆ ಬಂತು ಎನ್ನುವುದನ್ನು ಗಮನಿಸಬೇಕು.

ಒಂದು ಟನ್ ಎಸಿ ಎಂದರೆ, ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುತ್ತಾ ಎಷ್ಟು ಕಾವು ಹೀರುತ್ತದೋ ಅಷ್ಟನ್ನು ಹೊರಹಾಕಬಲ್ಲ ಯಂತ್ರ. ಈಗಿನ ಅಳತೆಯಲ್ಲಿ ಸುಮಾರು 3.5 ಕಿಲೋವ್ಯಾಟ್. ಈ ಅಂಕಿ ಹಿಡಿದು ಒಂದು ಲೆಕ್ಕ ಮಾಡೋಣ. 1,000 ಚದರ ಮೀಟರಿನ ಗೋಡೌನು; ಮೇಲೆ 15 ಸೆಂಟಿಮೀಟರಿನ ಬರಿಯ ಆರ್‌ಸಿಸಿ ಸ್ಲ್ಯಾಬು. ನಡುಹಗಲಲ್ಲಿ ಬಿಸಿಲು, ಬಿಸಿಗಾಳಿ ಎರಡೂ ಸೇರಿ ಒಳಗೂ ಹೊರಗೂ 45 ಡಿಗ್ರಿಯ ಅಂತರ ಬಿದ್ದಿದೆ ಎಂದುಕೊಳ್ಳಿ. ತಾರಸಿಯೊಂದರಿಂದಲೇ ಒಳಗಿಳಿಯುವ ಕಾವು 150 ಕಿಲೋವ್ಯಾಟಿನ ಆಸುಪಾಸು. ಅದನ್ನು ಹೊರದಬ್ಬಲು ಸುಮಾರು 43 ಟನ್ ಎಸಿ ಬೇಕು. ಅದೇ ತಾರಸಿಯನ್ನು ದುಬೈನ ಹಸಿರು ಕಟ್ಟಡ ನಿಯಮದಂತೆ ಕಟ್ಟಿದರೆ? ಒಂದು ಡಿಗ್ರಿ ಅಂತರಕ್ಕೆ ಚದರ ಮೀಟರಿಗೆ 0.3 ವ್ಯಾಟಿಗಿಂತ ಹೆಚ್ಚು ಕಾವು ನುಸುಳಬಾರದು ಎನ್ನುತ್ತದೆ ಆ ನಿಯಮ. ಆಗ ಲೆಕ್ಕ ಹದಿಮೂರೂವರೆ ಕಿಲೋವ್ಯಾಟಿಗೆ ಇಳಿಯುತ್ತದೆ. ನಾಲ್ಕು ಟನ್ ಸಾಕು. ಉಳಿದ 39 ಟನ್ನಿನ ಯಂತ್ರವನ್ನು ಕೊಳ್ಳುವ, ಓಡಿಸುವ, ರಿಪೇರಿ ಮಾಡಿಸುವ ಪ್ರಮೇಯವೇ ಇಲ್ಲ.

ಉಷ್ಣನಿರೋಧಕವಾಗಿ ಥರ್ಮಾಕೋಲ್ ಹಾಕಿದಾಗ ಕಾವನ್ನು ತಡೆಯುವುದು ಥರ್ಮಾಕೋಲಲ್ಲ, ಅದರೊಳಗೆ ಸೆರೆಸಿಕ್ಕಿರುವ ಗಾಳಿ. ಥರ್ಮಾಕೋಲಿನ ಗಾತ್ರದಲ್ಲಿ ಶೇ 95ಕ್ಕೂ ಹೆಚ್ಚು ಪಾಲು ಗಾಳಿಯೇ. ರಾಕ್‌ವೂಲ್, ಗ್ಲಾಸ್‌ವೂಲ್‌ಗಳೂ ಅಷ್ಟೇ: ಎಳೆಗಳ ನಡುವೆ ಗಾಳಿ ಅಲುಗಾಡದಂತೆ ಹಿಡಿದಿಡುವುದು ಅವುಗಳ ಕೆಲಸ. 5 ಸೆಂಟಿಮೀಟರಿನ ಥರ್ಮಾಕೋಲ್ ಹಲಗೆ ತಡೆಯುವಷ್ಟು ಕಾವನ್ನು ಬರಿಯ ಕಾಂಕ್ರೀಟಿನಿಂದ ತಡೆಯಲು ಹೊರಟರೆ ಗೋಡೆ ಸುಮಾರು ಎರಡು ಮೀಟರ್ ದಪ್ಪವಾಗಬೇಕು.

ಹಳೆಯ ದುಬೈಯವರಿಗೆ ಈ ಮರ್ಮ ತಿಳಿದಿತ್ತು. ಅಲ್ ಫಹಿದಿ ಬಡಾವಣೆಯ ಮನೆಗಳನ್ನು 19ನೇ ಶತಮಾನದ ಕೊನೆಯ ಹೊತ್ತಿಗೆ ಕಟ್ಟಿಸಿಕೊಂಡವರು ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು. ಅವುಗಳ ಗೋಡೆಗೆ ಬಳಸಿದ್ದು ಸಮುದ್ರದಿಂದ ತೆಗೆದ ಹವಳದ ಕಲ್ಲು. ಮೈತುಂಬ ಸಣ್ಣ ಸಣ್ಣ ರಂಧ್ರ, ಅದರಲ್ಲೆಲ್ಲ ಗಾಳಿ. ಮೇಲೆ ಗಾಳಿಗೋಪುರ, ಕೆಳಗೆ ನೆರಳು ಬೀಳುವಷ್ಟು ಇಕ್ಕಟ್ಟಾದ ಓಣಿ.

ಒಳನಾಡಿನ ರಿಯಾದಿನ ಪಕ್ಕದ ದಿರಿಯಾದಲ್ಲಿ ಹವಳ ಎಲ್ಲಿಂದ ಬರಬೇಕು? ಅಲ್ಲಿ ಹಸಿ ಇಟ್ಟಿಗೆಯ ದಪ್ಪ ಮಣ್ಣಿನ ಗೋಡೆ. ಅಲ್ಲಿನ ಅತ್‌ತುರೈಫ್ ಬಡಾವಣೆ 2010ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಒಳನಾಡಿನ ಮರಳುಗಾಡಿನಲ್ಲಿ ಹಗಲು ಸುಟ್ಟರೂ ರಾತ್ರಿ ಚೆನ್ನಾಗಿ ತಣಿಯುತ್ತದೆ. ದಪ್ಪ ಗೋಡೆ ಹಗಲಿನ ಕಾವನ್ನು ತನ್ನೊಳಗೇ ಇಟ್ಟುಕೊಂಡು ಇರುಳಿಗೆ ಬಿಟ್ಟುಕೊಡುತ್ತದೆ. ಕೊಲ್ಲಿಯ ಕರಾವಳಿಯಲ್ಲಿ ಇದು ಅಷ್ಟಾಗಿ ನಡೆಯದು. ಜುಲೈ ತಿಂಗಳಿನಲ್ಲಿ ದುಬೈನ ರಾತ್ರಿಯೂ 30 ಡಿಗ್ರಿಯ ಹತ್ತಿರ ನಿಲ್ಲುವುದರಿಂದ ಗೋಡೆಗೆ ತಣಿಯುವ ಬಿಡುವೇ ಸಿಗುವುದಿಲ್ಲ. ಮರುಭೂಮಿಗಳೆಲ್ಲ ಒಂದೇ ಎಂದು ಭಾವಿಸಿ ರಿಯಾದಿನ ನಕ್ಷೆಯನ್ನು ದುಬೈನಲ್ಲಿ ಎಬ್ಬಿಸುವುದು ತಪ್ಪು. ನಮ್ಮ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳು ತಂಪಾಗಿರುವುದಕ್ಕೂ ಈ ದಪ್ಪ ಮಣ್ಣೇ ಕಾರಣ.

ಉಷ್ಣನಿರೋಧಕವನ್ನು ಗೋಡೆಯ ಒಳಮೈಗೆ ಹಾಕಬೇಕೋ ಹೊರಮೈಗೋ? ಹಗಲೂ ರಾತ್ರಿ ಎಸಿ ಓಡುವ ಕಟ್ಟಡಕ್ಕೆ ಹೊರಮೈಯೇ ಮೇಲು. ಒಳಗಿನ ಕಾಂಕ್ರೀಟು ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಗಲು-ರಾತ್ರಿಯ ಏರಿಳಿತಕ್ಕೆ ಹಿಗ್ಗಿ ಕುಗ್ಗಿ ಬಿರುಕು ಬಿಡುವುದೂ ಕಡಿಮೆ.

ಜೂನ್ 21ರ ನಡುಹಗಲಲ್ಲಿ ದುಬೈನಲ್ಲಿ ಒಂದು ಮೀಟರ್ ಕೋಲು ನೆಟ್ಟರೆ ಅದರ ನೆರಳು ಸುಮಾರು 3 ಸೆಂಟಿಮೀಟರ್ ಮಾತ್ರ! ಕರ್ಕಾಟಕ ವೃತ್ತ ಅಲ್ಲಿಗೆ ಅಷ್ಟು ಹತ್ತಿರ. ಹೀಗಾಗಿ ಬೇಸಿಗೆಯಲ್ಲಿ ಪೆಟ್ಟು ತಿನ್ನುವುದು ಮೊದಲು ತಾರಸಿ, ಆಮೇಲೆ ಪೂರ್ವ-ಪಶ್ಚಿಮದ ಗೋಡೆಗಳು. ದಕ್ಷಿಣದ ಕಿಟಕಿಗೆ ಒಂದು ಗಿಡ್ಡ ಸಜ್ಜಾ ಸಾಕು. ಪಶ್ಚಿಮದ ಇಳಿಬಿಸಿಲು ಮಾತ್ರ ಎಂಥ ಸಜ್ಜಾದ ಅಡಿಯಿಂದಲೂ ನುಗ್ಗುತ್ತದೆ. ಆ ಬದಿಗೆ ಗಾಜಿನ ಗೋಡೆ ಕಟ್ಟಿಸುವವರು ಮೊದಲು ಒಂದು ಸಂಜೆ ಅಲ್ಲಿ ಕೂತು ನೋಡಬೇಕು.

ಹೊರಗೋಡೆಗಳಲ್ಲಿ ಕಿಟಕಿಯೇ ಇಲ್ಲದ 27 ಅಂತಸ್ತಿನ ಕಚೇರಿಯನ್ನು ಊಹಿಸಬಲ್ಲಿರಾ? ಸೌದಿಯ ಜೆದ್ದಾದಲ್ಲಿ ನ್ಯಾಷನಲ್ ಕಮರ್ಷಿಯಲ್ ಬ್ಯಾಂಕಿಗಾಗಿ ಎದ್ದ ತ್ರಿಕೋನ ಗೋಪುರ ಅದು, ಮುಗಿದದ್ದು 1983ರಲ್ಲಿ. ವಿನ್ಯಾಸ ಅಮೆರಿಕದ ಗಾರ್ಡನ್ ಬನ್‌ಶಾಫ್ಟ್ ಅವರದು. ಅವರಿಗೆ 1988ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಹೊರಗಿನಿಂದ ನೋಡಿದರೆ ಕಲ್ಲಿನ ಹೊದಿಕೆಯ ಮುಚ್ಚುಗೋಡೆ, ಅಲ್ಲಲ್ಲಿ ಹಲವು ಅಂತಸ್ತು ಎತ್ತರದ ಮೂರು ದೊಡ್ಡ ಚೌಕಗಳು. ಚೌಕದ ಹಿಂದೆ ತೆರೆದ ಅಂಗಳ. ಕಚೇರಿಗಳ ಗಾಜೆಲ್ಲ ಆ ಅಂಗಳದ ಕಡೆಗೇ. ನೇರ ಬಿಸಿಲು ಗಾಜಿಗೆ ತಾಗುವುದು ತೀರ ಕಡಿಮೆ, ಬೆಳಕಿಗೆ ಕೊರತೆಯಿಲ್ಲ. ನಡುವಿನ ಬಾವಿಯಂಥ ಜಾಗದಿಂದ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ. ಅರಬ್ ಮನೆಯ ಒಳ ಅಂಗಳವನ್ನು ಆಕಾಶಕ್ಕೇರಿಸಿದ ಈ ಕಟ್ಟಡ, ಅದರ ನಂತರ ಕೊಲ್ಲಿಯಲ್ಲಿ ಎದ್ದ ಎಷ್ಟೋ ಗಾಜಿನ ಗೋಪುರಗಳಿಗಿಂತ ಬುದ್ಧಿವಂತಿಕೆಯದು. ದಾರಿ ಇಷ್ಟು ಸ್ಪಷ್ಟವಾಗಿದ್ದರೂ ಅದರಲ್ಲಿ ನಡೆದವರು ಕಡಿಮೆ ಎನ್ನುವುದು ಬೇಸರದ ಸಂಗತಿ.

ನಡೆದವರೂ ಇದ್ದಾರೆ. ಅಬುಧಾಬಿಯ ಅಲ್ ಬಹರ್ ಜೋಡಿ ಗೋಪುರಗಳ (2012) ಮೈಮೇಲೆ, ಒಂದೊಂದಕ್ಕೆ ಸಾವಿರದಷ್ಟು ಮಡಚುವ ಛತ್ರಿಗಳಿವೆ. ಸೂರ್ಯ ಸರಿದಂತೆ ಕಂಪ್ಯೂಟರ್ ಅವನ್ನು ಅರಳಿಸಿ, ಬಿಸಿಲು ದಾಟಿದ ಬದಿಯಲ್ಲಿ ಮಡಚುತ್ತದೆ. ಮೂಲ ಪ್ರೇರಣೆ, ಅರಬರ ಮನೆಗಳ ಮರದ ಜಾಲಂದ್ರ ‘ಮಶ್ರಬಿಯಾ’. ಗಾಜಿನ ಒಳಗಡೆ ಪರದೆ ಇಳಿಬಿಡುವುದಕ್ಕೂ ಹೊರಗೆ ನೆರಳು ಕಟ್ಟುವುದಕ್ಕೂ ಅಜಗಜಾಂತರ. ಒಮ್ಮೆ ಗಾಜು ದಾಟಿದ ಬಿಸಿಲಿನ ಬಹುಪಾಲು ಒಳಗೇ ಉಳಿದುಬಿಡುತ್ತದೆ.

6 ಮಿಲಿಮೀಟರಿನ ಒಂಟಿ ಗಾಜಿಗಿಂತ, ನಡುವೆ ಗಾಳಿ ತುಂಬಿದ ಜೋಡಿ ಗಾಜಿನಲ್ಲಿ ನುಸುಳುವ ಕಾವು ಅರ್ಧದಷ್ಟು. ಅದಕ್ಕೆ ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯ ಲೇಪ ಕೊಟ್ಟರೆ ಮೂರನೇ ಒಂದು ಭಾಗಕ್ಕೂ ಇಳಿಯುತ್ತದೆ. ಬೆಳಕು ಬರುತ್ತದೆ, ಕಾವು ಹಿಂದಿರುಗುತ್ತದೆ.

ಗೋಡೆಗೆ ಥರ್ಮಲ್ ಬ್ಲಾಕ್ ಕಟ್ಟಿ, ಪಿಲ್ಲರು-ಬೀಮುಗಳನ್ನು ಬರಿಮೈಯಲ್ಲಿ ಬಿಟ್ಟರೆ ತೂತುಬಿದ್ದ ಕೊಡದಲ್ಲಿ ನೀರು ಹೊತ್ತಂತೆ. ಕೊಲ್ಲಿಯ ಕಟ್ಟಡಗಳಲ್ಲಿ ಬಹುಕಾಲ ನಡೆದದ್ದು ಹೀಗೆಯೇ: ಇಟ್ಟಿಗೆಯ ನಡುವೆ ಥರ್ಮಾಕೋಲು, ಪಕ್ಕದಲ್ಲೇ ಒಳಗೂ ಹೊರಗೂ ಮುಟ್ಟುವ ಕಾಂಕ್ರೀಟು ಕಂಬ. ಅಲ್ಯೂಮಿನಿಯಂ ಚೌಕಟ್ಟು ಇನ್ನೂ ದೊಡ್ಡ ಕಳ್ಳದಾರಿ. ಥರ್ಮಾಕೋಲಿಗಿಂತ ಸಾವಿರಾರು ಪಟ್ಟು ಸಲೀಸಾಗಿ ಅದು ಕಾವನ್ನು ಸಾಗಿಸುತ್ತದೆ. ಒಳ್ಳೆಯ ಚೌಕಟ್ಟುಗಳಲ್ಲಿ ಒಳ-ಹೊರ ಲೋಹಗಳ ನಡುವೆ ಪ್ಲಾಸ್ಟಿಕ್ ಪಟ್ಟಿ ಕೂರಿಸಿ ಈ ದಾರಿ ಕಡಿಯುತ್ತಾರೆ.

ಮರುಭೂಮಿ ಎಂದರೆ ಒಣಹವೆ ಎಂದುಕೊಂಡಿದ್ದೀರಾ? ಕೊಲ್ಲಿಯ ದಡದ ದಹ್ರಾನಿನಲ್ಲಿ 2003ರ ಜುಲೈ 8ರಂದು ಇಬ್ಬನಿ ಬಿಂದು 35 ಡಿಗ್ರಿ ದಾಖಲಾಯಿತು. 35 ಡಿಗ್ರಿಯ ವಸ್ತುವಿನ ಮೇಲೂ ಆ ಗಾಳಿ ನೀರು ಇಳಿಸುತ್ತದೆ! ಅಂಥ ಕಡೆ ತಂಪು ಕಟ್ಟಡದ ಗೋಡೆಯೊಳಗೆ ತೇವ ನುಗ್ಗುವುದು ಹೊರಗಿನಿಂದ ಒಳಕ್ಕೆ. ಚಳಿನಾಡುಗಳಲ್ಲಿ ಇದು ಉಲ್ಟಾ. ಹಾಗಾಗಿ ಆವಿ ತಡೆಯುವ ಹಾಳೆಯನ್ನು ಯುರೋಪಿನ ಚಳಿಯೂರಿನಲ್ಲಿ ಉಷ್ಣನಿರೋಧಕದ ಒಳಬದಿಗೆ, ಕೊಲ್ಲಿಯಲ್ಲಿ ಹೊರಬದಿಗೆ ಹಾಕಬೇಕು. ಬದಿ ತಪ್ಪಿದರೆ ಗೋಡೆಯೊಳಗೆ ನೀರು ಕೂತು ಬೂಸ್ಟು ಹಿಡಿಯುತ್ತದೆ. ಒದ್ದೆಯಾದ ರಾಕ್‌ವೂಲ್ ಕಾವು ತಡೆಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಚಿಲ್ಲರ್ ಪೈಪಿನ ಕಪ್ಪು ರಬ್ಬರ್ ಹೊದಿಕೆ ಒಂದು ಕಡೆ ಸೀಳಿದರೂ ಫಾಲ್ಸ್ ಸೀಲಿಂಗಿನಿಂದ ಹನಿ ತೊಟ್ಟಿಕ್ಕುವುದು ಇದರಿಂದಲೇ.

ಆ ತೇವವನ್ನು ಬಳಸಿಕೊಂಡವರೂ ಉಂಟು. 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಎಸಿಗಳಲ್ಲಿ ಸಾಂದ್ರವಾಗುವ ನೀರನ್ನು ಸಂಗ್ರಹಿಸಿ ಉದ್ಯಾನದ ಗಿಡಗಳಿಗೆ ಉಣಿಸುತ್ತಾರೆ. ವರ್ಷಕ್ಕೆ ಸುಮಾರು 5.7 ಕೋಟಿ ಲೀಟರ್.

ಮೀನು, ಮಾಂಸ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಒಳಗೆ ಮೈನಸ್ 18, ಹೊರಗೆ 50. ನಡುವೆ ನಿಂತಿರುವುದು ಅಂಗೈ ಅಗಲದಷ್ಟು ದಪ್ಪದ, ಫೋಮ್ ತುಂಬಿದ ಪಫ್ ಪ್ಯಾನೆಲ್. ಇನ್ನೂ ಸೋಜಿಗವೆಂದರೆ, ಇಂಥ ಕೋಣೆಗಳ ನೆಲದಡಿಗೆ ಕಾವು ಕೊಡುವ ವ್ಯವಸ್ಥೆ ಇರುತ್ತದೆ! ಉಷ್ಣನಿರೋಧಕವಿದ್ದರೂ ವರ್ಷಗಟ್ಟಲೆ ತಂಪು ಕೆಳಗಿಳಿದು ಮಣ್ಣಿನ ತೇವ ಹೆಪ್ಪುಗಟ್ಟಿದರೆ ನೆಲವೇ ಉಬ್ಬಿ ಬಿರಿಯುತ್ತದೆ. ಸುಡುವ ನಾಡಿನಲ್ಲಿ ನೆಲವನ್ನು ಬೆಚ್ಚಗಿಡುವ ಕೆಲಸ.

2005ರಲ್ಲಿ ದುಬೈನ ಮಾಲೊಂದರಲ್ಲಿ ತೆರೆದ ಸ್ಕೀ ದುಬೈ 22,500 ಚದರ ಮೀಟರಿನಷ್ಟು ಹಿಮವನ್ನು ವರ್ಷವಿಡೀ ಶೂನ್ಯಕ್ಕಿಂತ ಕೆಳಗೆ ಕಾಯುತ್ತಿದೆ. ಉಷ್ಣನಿರೋಧಕದ ತಾಕತ್ತಿಗೆ ಅದು ಸಾಕ್ಷಿ ನಿಜ. ಆ ತಾಕತ್ತು ಆಸ್ಪತ್ರೆಗಳ ತಾರಸಿಗೆ ಮೊದಲು ಸಲ್ಲಬೇಕು ಎನ್ನುವುದು ನನ್ನ ಅಭಿಪ್ರಾಯ.

ಬಿಳಿ ತಾರಸಿ ಕಪ್ಪು ತಾರಸಿಗಿಂತ 25-30 ಡಿಗ್ರಿ ತಂಪಾಗಿರಬಲ್ಲದು, ಸ್ವಚ್ಛವಾಗಿದ್ದರೆ. ಮರುಭೂಮಿಯ ದೂಳು ಕೂತರೆ ಆ ಗುಣ ಕುಸಿಯುತ್ತದೆ. ತೊಳೆಯದ ಬಿಳಿ ಬಣ್ಣವನ್ನು ನಂಬಿ ಉಷ್ಣನಿರೋಧಕ ಕೈಬಿಡಬಾರದು.

ಎಲ್ಲಕ್ಕಿಂತ ಎಚ್ಚರ ಬೇಕಾದ ಮಾತು ಬೆಂಕಿಯದು. 2015ರ ಡಿಸೆಂಬರ್ 31ರ ರಾತ್ರಿ ದುಬೈನ ಅಡ್ರೆಸ್ ಹೋಟೆಲ್ ಗೋಪುರ ಹೊತ್ತಿ ಉರಿದದ್ದನ್ನು ಹೊಸ ವರ್ಷದ ಸಂಭ್ರಮಕ್ಕೆ ಸೇರಿದ್ದ ಜನ ಕಣ್ಣಾರೆ ಕಂಡರು. ಬೆಂಕಿ ಏರಿದ್ದು ಹೊರಮೈಗೆ ಹೊದಿಸಿದ್ದ ಅಲ್ಯೂಮಿನಿಯಂ ಹಲಗೆಗಳ ಮೂಲಕ. ಎರಡು ತೆಳು ಲೋಹಗಳ ನಡುವೆ ಪ್ಲಾಸ್ಟಿಕ್ ತಿರುಳಿರುವ ಹಲಗೆಗಳವು. ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 2017ರ ಜೂನ್ 14ರಂದು ಹೊತ್ತಿ 72 ಜನರನ್ನು ಬಲಿ ತೆಗೆದುಕೊಂಡ ಬೆಂಕಿಯಲ್ಲಿ ಉರಿದದ್ದು ಇಂಥ ಹಲಗೆ, ಜೊತೆಗೆ ಅದರ ಹಿಂದಿನ ಫೋಮ್. ಅಡ್ರೆಸ್ ಹೋಟೆಲಿನ ಬೆಂಕಿಯ ನಂತರ ಯುಎಇ ತನ್ನ ಅಗ್ನಿಸುರಕ್ಷಾ ನಿಯಮ ಬಿಗಿಗೊಳಿಸಿತು. ಕಲ್ಲನ್ನೇ ಕರಗಿಸಿ ಎಳೆ ತೆಗೆದ ರಾಕ್‌ವೂಲ್ ಉರಿಯುವುದಿಲ್ಲ, 1,000 ಡಿಗ್ರಿಯಲ್ಲೂ ಕರಗುವುದಿಲ್ಲ. ಎತ್ತರದ ಕಟ್ಟಡದ ಹೊರಮೈಗೆ ದುಡ್ಡು ಉಳಿಸಲೆಂದು ಅಗ್ಗದ ಫೋಮ್ ತುಂಬುವುದು ಜೀವಗಳ ಜೊತೆಗಿನ ಜೂಜು.

ನೆಲವನ್ನೇ ಉಷ್ಣನಿರೋಧಕ ಮಾಡಿಕೊಂಡವರೂ ಇದ್ದಾರೆ. ಆಸ್ಟ್ರೇಲಿಯಾದ ಓಪಲ್ ಗಣಿಯೂರು ಕೂಬರ್ ಪೀಡಿಯಲ್ಲಿ ಅಂಗಡಿ, ಹೋಟೆಲು, ಚರ್ಚುಗಳೇ ನೆಲದಡಿಯಲ್ಲಿವೆ. ಹೊರಗೆ 45 ಡಿಗ್ರಿ ಇದ್ದಾಗಲೂ ಒಳಗೆ 25ರ ಆಸುಪಾಸು, ಎಸಿಯಿಲ್ಲದೆ.

ನಮ್ಮ ದೇಶಕ್ಕೂ ಇಂಥ ಸುಡುಕಾವು ದೂರದ ಸಂಗತಿಯಲ್ಲ. ರಾಜಸ್ಥಾನದ ಫಲೋದಿ 2016ರ ಮೇ 19ರಂದು 51 ಡಿಗ್ರಿ ಕಂಡಿತು. ವಾಣಿಜ್ಯ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ 2007ರಲ್ಲಿ ಇಂಧನ ಸಂರಕ್ಷಣಾ ಸಂಹಿತೆ ರೂಪಿಸಿ, 2017ರಲ್ಲಿ ಪರಿಷ್ಕರಿಸಿತು. 100 ಕಿಲೋವ್ಯಾಟ್ ಮತ್ತು ಅದಕ್ಕೂ ಹೆಚ್ಚಿನ ವಿದ್ಯುತ್ ಹೊರೆಯ ಕಟ್ಟಡಗಳಿಗಾಗಿ ಮಾಡಿದ ಈ ಸಂಹಿತೆ ದೇಶವನ್ನು ಐದು ಹವಾಗುಣ ವಲಯಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಬೇರೆ ಬೇರೆ ಮಿತಿ ಹೇಳುತ್ತದೆ.

ಇನ್ನು, ಈ ಉಷ್ಣನಿರೋಧಕವನ್ನು ಹಾಕುವ ಕಾರ್ಮಿಕರ ಮಾತು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ತಾರಸಿಯ ಮೇಲೆ ಫೋಮ್ ಸಿಂಪಡಿಸುವ, ಗೋಡೆಗೆ ಹಲಗೆ ಕೂರಿಸುವ ಕೈಗಳಲ್ಲಿ ಭಾರತದವರದು ದೊಡ್ಡ ಪಾಲು. ಒಳಗಿನವರ ತಂಪು ಅವರ ಬೆವರಿನಿಂದ ಬಂದದ್ದು. ಆ ಎರಡೂವರೆ ಗಂಟೆಯ ನೆರಳು ಅವರ ಹಕ್ಕು.

ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೋಗಿ ಕೊಲ್ಲಿಯಲ್ಲಿ ಹೋಟೆಲು, ಅಂಗಡಿ, ಗೋಡೌನು ನಡೆಸುವ ಓದುಗರಲ್ಲಿ ಒಂದು ವಿನಂತಿ. ಜಾಗ ಬಾಡಿಗೆಗೆ ಹಿಡಿಯುವ ಮುನ್ನ ಎಸಿ ಎಷ್ಟು ಟನ್ ಎಂದು ಕೇಳುವುದರ ಜೊತೆಗೆ ತಾರಸಿಯ ಮೇಲೆ ಏನು ಹಾಕಿದ್ದಾರೆ, ಗೋಡೆಗೆ ಥರ್ಮಲ್ ಬ್ಲಾಕ್ ಕಟ್ಟಿದ್ದಾರೆಯೇ, ಪಶ್ಚಿಮದ ಗಾಜಿಗೆ ಹೊರಗಿನಿಂದ ನೆರಳಿದೆಯೇ ಎಂದೂ ಕೇಳಿ. ಸ್ವಂತ ಕಟ್ಟಡ ಕಟ್ಟಿಸುವವರಾದರೆ ಉಷ್ಣನಿರೋಧಕದ ಖರ್ಚನ್ನು ಮೊದಲ ಅಂದಾಜುಪಟ್ಟಿಯಲ್ಲೇ ಬರೆಸಿ, ಅದರ ಅಗ್ನಿಪರೀಕ್ಷೆಯ ಪ್ರಮಾಣಪತ್ರ ನೋಡಿ. ಎಸಿ ಎಷ್ಟು ಟನ್ ಬೇಕೆಂಬ ಲೆಕ್ಕವನ್ನು ಆಮೇಲೆ ಹಾಕಿಸಿ.