ಪಶ್ಚಿಮದ ಗೋಡೆಗೆ ಹೊಂಗೆ, ಅಂಗಳಕ್ಕೆ ಹಳದಿ ಹೂವು

ಏಪ್ರಿಲ್ ಕೊನೆಯ ವಾರ, ಸಂಜೆ ನಾಲ್ಕರ ಹೊತ್ತಿಗೆ ನಿಮ್ಮ ಮನೆಯ ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ನೋಡಿ. ಹೆಚ್ಚು ಹೊತ್ತು ಇಡಲಾಗುವುದಿಲ್ಲ. ಅದೇ ಗೋಡೆಯನ್ನು ರಾತ್ರಿ ಹತ್ತಕ್ಕೆ ಒಳಗಿನಿಂದ ಮುಟ್ಟಿದರೆ ಇನ್ನೂ ಬೆಚ್ಚಗಿರುತ್ತದೆ. ಹಗಲು ಕುಡಿದ ಬಿಸಿಲನ್ನು ಇಟ್ಟಿಗೆ ರಾತ್ರಿಯೆಲ್ಲ ಕೋಣೆಯೊಳಕ್ಕೆ ಬಿಡುತ್ತದೆ. ಮನೆ ಮುಂದಿನ ಖಾಲಿ ಮಣ್ಣಿನ ಕಾಟ ಬೇರೆ ಬಗೆಯದು. ಬೇಸಿಗೆಯಲ್ಲಿ ಧೂಳಾಗಿ ಜಗಲಿ ಹತ್ತುತ್ತದೆ, ಮೊದಲ ಮಳೆಗೆ ಕೆಸರಾಗಿ ಸಿಡಿದು ಗೋಡೆಯ ಬುಡವನ್ನು ಮೊಣಕಾಲೆತ್ತರ ಕೆಂಪು ಮಾಡುತ್ತದೆ. ಗೋಡೆಯ ಬಿಸಿಗೆ ಮರವೇ ಆಗಬೇಕು, ಮಣ್ಣಿನ ಕಾಟಕ್ಕೆ ನೆಲ ಹಬ್ಬುವ ಗಿಡ ಸಾಕು. ಸೈಟಿನಲ್ಲಿ ಮಿಕ್ಕ ಜಾಗಕ್ಕೆ ಮರ ಹಾಕಲೋ, ಹೂವಿನ ಹಾಸು ಮಾಡಲೋ ಎಂದು ಕೇಳುವವರು ತಮ್ಮ ಮನೆಯನ್ನು ಕಾಡುತ್ತಿರುವುದು ಯಾವುದು ಎಂದು ಮೊದಲು ನೋಡಿಕೊಳ್ಳಬೇಕು.

ಮರವೆಂದರೆ ನಮ್ಮ ಬಯಲುಸೀಮೆಗೆ ನಾನು ಹೇಳುವುದು ಹೊಂಗೆ. ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವ ಮಾತು ಬರಿಯ ಪ್ರೀತಿಯಿಂದ ಹುಟ್ಟಿದ್ದಲ್ಲ. ಅದರ ಹಿಂದೆ ಲೆಕ್ಕವಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕೆಲವೇ ದಿನ ಮರ ಎಲೆ ಉದುರಿಸಿಕೊಳ್ಳುತ್ತದೆ. ಯುಗಾದಿಯ ಹೊತ್ತಿಗೆ ಎಣ್ಣೆ ಸವರಿದಂತೆ ಹೊಳೆಯುವ ಎಳೆ ಹಸಿರು ತುಂಬಿರುತ್ತದೆ. ಅಂದರೆ ನಮ್ಮಲ್ಲಿ ಬಿಸಿಲು ನೆತ್ತಿಗೇರುವ ಏಪ್ರಿಲ್, ಮೇ ತಿಂಗಳಲ್ಲೇ ಹೊಂಗೆಯ ನೆರಳು ಅತ್ಯಂತ ದಟ್ಟ. ಕೆಲವು ಮರಗಳು ಆ ಹೊತ್ತಿಗೆ ಬೋಳಾಗಿ ನಿಂತಿರುತ್ತವೆ.

ನೆಲ ಹಬ್ಬುವ ಹೂಗಿಡಕ್ಕೆ ಪಿಂಟೋ ಇರಲಿ. ನರ್ಸರಿಗಳಲ್ಲಿ ಪಿಂಟೋ ಎಂದರೆ ಕೊಡುತ್ತಾರೆ, ಕೆಲವರು ಅರಾಕಿಸ್ ಎನ್ನುತ್ತಾರೆ. ಬ್ರೆಜಿಲ್ ಮೂಲದ್ದು, ನಮ್ಮ ಕಡಲೆಕಾಯಿ ಗಿಡದ ತಂಗಿ. ಅದೇ ನಾಲ್ಕು ಎಲೆಯ ಜೋಡಣೆ, ರಾತ್ರಿಯಾದರೆ ಎಲೆ ಮಡಚುವ ಅದೇ ಅಭ್ಯಾಸ, ಅದೇ ಹಳದಿ ಹೂವು. ವ್ಯತ್ಯಾಸವೆಂದರೆ ಇದು ವರ್ಷ ವರ್ಷವೂ ಉಳಿಯುತ್ತದೆ, ಗೇಣುದ್ದಕ್ಕಿಂತ ಹೆಚ್ಚು ಏಳದೆ ನೆಲಕ್ಕೆ ಅಂಟಿ ಹರಡುತ್ತದೆ. ಬೆಳಿಗ್ಗೆ ಅರಳಿದ ಹೂವು ಅಂದೇ ಬಾಡುತ್ತದೆ, ಮರುದಿನ ಹೊಸದು. ನೀರಿದ್ದರೆ ಹೆಚ್ಚುಕಡಿಮೆ ವರ್ಷವಿಡೀ ಅಂಗಳದಲ್ಲಿ ಹಳದಿ ಚುಕ್ಕಿ.

ಹೊಂಗೆ, ಪಿಂಟೋ ಎರಡೂ ಅವರೆ, ತೊಗರಿಯ ಕುಲದವು. ಪಿಂಟೋ ಗಿಡವೊಂದನ್ನು ಮೆಲ್ಲಗೆ ಕಿತ್ತು ಬೇರು ತೊಳೆದು ನೋಡಿ, ಸಾಸಿವೆ ಕಾಳಿನಂಥ ಗಂಟುಗಳು ಕಾಣುತ್ತವೆ. ಉಗುರಿನಿಂದ ಒಂದನ್ನು ಸೀಳಿದರೆ ಒಳಗೆ ನಸುಗೆಂಪು ಇರಬೇಕು. ಹಾಗಿದ್ದರೆ ಒಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದೆ ಎಂದು ಅರ್ಥ. ಹೊಂಗೆಯ ಬೇರಿನಲ್ಲೂ ಇದೇ ಕೆಲಸ ನಡೆಯುತ್ತದೆ. ಹಾಗಾಗಿ ಇವೆರಡಕ್ಕೂ ಯೂರಿಯಾ ಸುರಿಯುವ ಅಗತ್ಯವಿಲ್ಲ.

ಇನ್ನು ಬಿಸಿಲಿನ ದಾರಿ. ಜಾಗ ಆರಿಸುವಾಗ ಹೆಚ್ಚಿನವರು ಎಡವುವುದು ಇಲ್ಲೇ. ಬೆಂಗಳೂರು, ತುಮಕೂರು, ಹಾಸನದ ಸಾಲಿನ ಊರುಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಇಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನಲ್ಲಿ ಅವನು ನಮ್ಮ ಉತ್ತರಕ್ಕೇ ಇರುತ್ತಾನೆ. ಆದ್ದರಿಂದ ಬೇಸಿಗೆಯಲ್ಲಿ ದಕ್ಷಿಣದ ಗೋಡೆಗೆ ನಡುಹಗಲಿನ ಬಿಸಿಲು ತಾಗುವುದೇ ಕಡಿಮೆ. ಗೋಡೆಗಳಲ್ಲಿ ಮನೆಯನ್ನು ಹೆಚ್ಚು ಬೇಯಿಸುವುದು ಪಶ್ಚಿಮದ್ದು. ಮಧ್ಯಾಹ್ನ ಎರಡೂವರೆಯಿಂದ ಐದೂವರೆವರೆಗೆ, ಗಾಳಿಯೇ ಕಾದಿರುವ ಹೊತ್ತಿನಲ್ಲಿ, ಬಿಸಿಲು ಅದಕ್ಕೆ ಓರೆಯಾಗಿ ಹೊಡೆಯುತ್ತದೆ. ಮರ ನಿಲ್ಲಬೇಕಾದ್ದು ಆ ಗೋಡೆಯ ಮುಂದೆ.

ಎಷ್ಟು ದೂರದಲ್ಲಿ? ಒಂದು ಕೋಲು ತೆಗೆದುಕೊಳ್ಳಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಮೂರಕ್ಕೆ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ನೆರಳು ಸುಮಾರು 80 ಸೆಂಟಿಮೀಟರ್ ಬೀಳುತ್ತದೆ, ನಾಲ್ಕಕ್ಕೆ ಸುಮಾರು 135. ಇದೇ ಲೆಕ್ಕದಲ್ಲಿ 20 ಅಡಿಯ ಮರದ ನೆರಳಿನ ತುದಿ ಮೂರಕ್ಕೆ 16 ಅಡಿ, ನಾಲ್ಕಕ್ಕೆ 27 ಅಡಿ ಚಾಚುತ್ತದೆ. ಗೋಡೆಯಿಂದ 12ರಿಂದ 15 ಅಡಿ ದೂರದಲ್ಲಿ ನೆಟ್ಟ ಹೊಂಗೆ 20 ಅಡಿ ಬೆಳೆದರೆ, ಅದರ ನೆರಳು ಮೂರು ಗಂಟೆಗೆ ಗೋಡೆಯ ಬುಡ ಮುಟ್ಟಿ ನಾಲ್ಕರ ಹೊತ್ತಿಗೆ ಕಿಟಕಿಯ ಮೇಲಕ್ಕೆ ಏರುತ್ತದೆ. ಪಾಯ, ಸಂಪು, ಪಿಟ್ ಗುಂಡಿಗಳಿಂದ ದೂರವಿಡಲೂ ಅಷ್ಟು ಅಂತರ ಬೇಕು. ಮೇಲೆ ಕರೆಂಟಿನ ತಂತಿ ಹಾದಿದ್ದರೆ ಆ ಜಾಗ ಬಿಡಿ. ತಂತಿಗೆ ತಾಗಿತೆಂದು ವರ್ಷಕ್ಕೊಮ್ಮೆ ತಲೆ ಕತ್ತರಿಸಿಕೊಳ್ಳುವ ಮರ ನೆರಳೂ ಕೊಡುವುದಿಲ್ಲ, ಗಟ್ಟಿಯಾಗಿ ನಿಲ್ಲುವುದೂ ಇಲ್ಲ.

ಒಂದು ಮಾತು ಸ್ಪಷ್ಟವಿರಲಿ: ಪಶ್ಚಿಮದ ಒಂದು ಮರ ನಡುಹಗಲಿನಲ್ಲಿ ತಾರಸಿಯನ್ನು ಕಾಯುವುದಿಲ್ಲ. ತಾರಸಿಯ ಬಿಸಿಗೆ ಬಿಳಿ ಬಳಿಯುವುದೋ ಚಪ್ಪರ ಹಾಕುವುದೋ ಬೇರೆ ಕೆಲಸ. ಹಾಗೆಯೇ 30x40 ಸೈಟಿನಲ್ಲಿ ಪಶ್ಚಿಮಕ್ಕೆ ಮೂರಡಿ ಮಾತ್ರ ಬಿಟ್ಟಿದ್ದರೆ ಅಲ್ಲಿ ಹೊಂಗೆ ನೆಡಬೇಡಿ. ಹತ್ತು ವರ್ಷದ ಮೇಲೆ ಕಡಿಯಬೇಕಾಗುತ್ತದೆ. ಊರಿನೊಳಗೆ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಬೇಕು, ಇರಬೇಕಾದದ್ದೂ ಹಾಗೆಯೇ. ಅಂಥ ಇಕ್ಕಟ್ಟಿನಲ್ಲಿ ಗೋಡೆಯಿಂದ ಒಂದಡಿ ಬಿಟ್ಟು ತಂತಿಯ ಚಪ್ಪರ ಕಟ್ಟಿ ತೊಂಡೆ ಹಬ್ಬಿಸಿ. ಗೋಡೆಗೆ ನೆರಳಾಗುತ್ತದೆ, ಪಲ್ಯಕ್ಕೂ ಆಗುತ್ತದೆ.

ನೆರಳು ಎಷ್ಟು ತಂಪು ಎಂಬುದಕ್ಕೆ ಬೆಂಗಳೂರಿನ ಬೀದಿಗಳಲ್ಲೇ ಅಳತೆ ನಡೆದಿದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿದ್ದ ಬೀದಿಯ ಮಧ್ಯಾಹ್ನದ ಗಾಳಿ ಮರವಿಲ್ಲದ ಬೀದಿಗಿಂತ 5.6 ಡಿಗ್ರಿಯವರೆಗೆ ತಂಪಾಗಿತ್ತು. ರಸ್ತೆಯ ಮೈಯಂತೂ 27.5 ಡಿಗ್ರಿಯವರೆಗೆ ತಂಪು. ಎರಡು ಅಂಕಿಗಳ ನಡುವಿನ ಅಂತರ ಗಮನಿಸಿ. ಮರ ಗಾಳಿಯನ್ನು ಸ್ವಲ್ಪ ತಂಪು ಮಾಡುತ್ತದೆ. ತನ್ನ ನೆರಳು ಬಿದ್ದ ಗೋಡೆ, ಕಲ್ಲು, ನೆಲಗಳನ್ನು ಕಾಯಲೇ ಬಿಡದೆ ಉಳಿಸುತ್ತದೆ. ಪಶ್ಚಿಮದ ಗೋಡೆಗೆ ನಮಗೆ ಬೇಕಿರುವುದು ಅದೇ.

ಹಾಗಾದರೆ ಪಿಂಟೋ ತಂಪು ಕೊಡುವುದಿಲ್ಲವೇ? ಕೊಡುತ್ತದೆ, ಆದರೆ ನೀರು ಕುಡಿದು ಕೊಡುತ್ತದೆ. ಎಲೆಯಿಂದ ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೇ ಎರಡು ಭಾಗ. ಅಷ್ಟು ಬಿಸಿಯನ್ನು ಗಿಡ ಸುತ್ತಲಿನಿಂದ ಎಳೆದುಕೊಳ್ಳುತ್ತದೆ. ಬೇಸಿಗೆಯ ಒಣ ದಿನದಲ್ಲಿ ದಟ್ಟವಾಗಿ ಹಬ್ಬಿದ ಹಸಿರು ಹಾಸು ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬಿಡುತ್ತದೆ ಎಂದುಕೊಳ್ಳಿ. ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಗಾರೆಯವರು ಹೇಳುವ ಒಂದು ಚದರ, ಅಂದರೆ ನೂರು ಚದರಡಿ ಅಂಗಳಕ್ಕೆ ಅದು ದಿನಕ್ಕೆ 46 ಲೀಟರ್ ಆಗುತ್ತದೆ. ಮೂರು ದೊಡ್ಡ ಬಕೆಟ್. ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸುವ ಬಡಾವಣೆಯಲ್ಲಿ ಇದನ್ನು ಮರೆತು ಐದಾರು ಚದರ ಪಿಂಟೋ ಹಾಕಿದರೆ ಮುಂದೆ ಕಷ್ಟ. ಅರ್ಧ ನೀರು ಕೊಟ್ಟರೂ ಗಿಡ ಸಾಯುವುದಿಲ್ಲ. ಹೂವು ಕಡಿಮೆಯಾಗಿ ಎಲೆ ಸೊರಗುತ್ತದೆ, ಮಳೆ ಬಂದ ವಾರದಲ್ಲಿ ಮತ್ತೆ ಚಿಗುರುತ್ತದೆ. ಪಾತ್ರೆ ತೊಳೆದ ನೀರಿನಲ್ಲಿ ಸೋಪು ಹೆಚ್ಚಿರುತ್ತದೆ, ಬೇಡ. ಅಕ್ಕಿ, ತರಕಾರಿ ತೊಳೆದ ನೀರು ಸಲ್ಲುತ್ತದೆ.

ಹೊಂಗೆಯೂ ನೀರು ಕುಡಿಯುತ್ತದೆ, ಪಿಂಟೋಗಿಂತ ಹೆಚ್ಚೇ ಕುಡಿಯುತ್ತದೆ. ಆದರೆ ಅದರ ತಾಯಿಬೇರು ಆಳಕ್ಕಿಳಿದ ಮೇಲೆ ನಾವು ಹೊತ್ತು ಹಾಕಬೇಕಿಲ್ಲ. ಮೊದಲ ಎರಡು ಬೇಸಿಗೆ ಮಾತ್ರ ವಾರಕ್ಕೆ ಒಂದೆರಡು ಬಕೆಟ್ ಕೊಟ್ಟರೆ ಸಾಕು. ಎರಡು ವರ್ಷದ ಆ ಸೇವೆ ಮಾಡಲಾಗದವರು ಗಿಡ ನೆಡಲೇ ಬಾರದು ಎಂಬುದು ನನ್ನ ಅಭಿಪ್ರಾಯ. ಪರಿಸರ ದಿನಕ್ಕೆ ನೆಟ್ಟು ಮಾರ್ಚ್‌ನಲ್ಲಿ ಒಣಗಿಸಿದ ಸಸಿಗಳನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನೆಡುವ ಕ್ರಮ ಸುಲಭ. ಹೊಂಗೆಗೆ ಮೇ ತಿಂಗಳಲ್ಲೇ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮುಂಗಾರು ಹಿಡಿದ ಮೇಲೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ ಸಸಿ ಇಡಿ, ಸುತ್ತ ಪಾತಿ ಕಟ್ಟಿ, ಊರುಗೋಲು ಕೊಡಿ. ಹೊಂಗೆ ಬುಡದಿಂದಲೇ ಕವಲೊಡೆಯುವ ಸ್ವಭಾವದ್ದು. ಮೊದಲ ಮೂರ್ನಾಲ್ಕು ವರ್ಷ ಕೆಳಗಿನ ಕೊಂಬೆಗಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತಾ ಒಂದೇ ಕಾಂಡವನ್ನು ಏಳೆಂಟು ಅಡಿ ಎತ್ತರಕ್ಕೆ ಒಯ್ಯಬೇಕು. ಆಗ ಕೆಳಗೆ ಗಾಳಿಯಾಡುತ್ತದೆ, ಕುರ್ಚಿ ಹಾಕಬಹುದು. ಎಲೆಯ ಮೇಲೆ ನರೂಲಿಯಂಥ ಗುಳ್ಳೆಗಳೆದ್ದರೆ ಗಾಬರಿ ಬೇಡ. ಅದು ಕಣ್ಣಿಗೆ ಕಾಣದ ನುಸಿಯ ಕೆಲಸ, ಮರಕ್ಕೆ ದೊಡ್ಡ ಹಾನಿಯಿಲ್ಲ, ಔಷಧಿ ಹೊಡೆಯುವುದು ದಂಡ. ಬೀಜ ಮಾತ್ರ ವಿಷ. ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು.

ಪಿಂಟೋಗೆ ಬೀಜ ಹುಡುಕಬೇಡಿ. ಬೆಳೆದವರ ಮನೆಯಿಂದ ಗೇಣುದ್ದದ ಬಳ್ಳಿ ತುಂಡು ತಂದು, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಮುಕ್ಕಾಲಡಿಗೊಂದು ಊರಿ. ಜೂನ್, ಜುಲೈ ಒಳ್ಳೆಯ ಸಮಯ. ಮೊದಲ ಎರಡು ಮೂರು ತಿಂಗಳು ಕಳೆ ಕೀಳಲು ಬೆನ್ನು ಬಗ್ಗಿಸಲೇಬೇಕು. ಗರಿಕೆ, ಜೇಕು ಒಳಗೆ ಸೇರಿಕೊಂಡರೆ ಆಮೇಲೆ ಬಿಡಿಸುವುದು ಆಗದ ಮಾತು. ದೀಪಾವಳಿಯ ಹೊತ್ತಿಗೆ ನೆಲ ಮುಚ್ಚಿರುತ್ತದೆ. ಕೂತು ಗಮನಿಸಿದರೆ ಹೂವು ಬಾಡಿದ ಕೆಲವು ದಿನಕ್ಕೆ ಅದರ ಬುಡದಿಂದ ಸೂಜಿಯಂಥ ದಂಟು ಇಳಿದು ಮಣ್ಣಿಗೆ ಚುಚ್ಚುವುದು ಕಾಣುತ್ತದೆ, ಥೇಟ್ ಕಡಲೆಕಾಯಿಯ ಹಾಗೆ. ಗಿಣ್ಣಿನಿಂದ ಬೇರೂ ಇಳಿಯುತ್ತದೆ. ಹೀಗೆ ಸಾವಿರ ಕಡೆ ಹೊಲಿಗೆ ಹಾಕಿದಂತೆ ಮಣ್ಣು ಹಿಡಿದುಕೊಳ್ಳುವುದರಿಂದ ಜೋರು ಮಳೆಗೂ ಕೆಸರು ಸಿಡಿಯುವುದಿಲ್ಲ. ದಿನವೂ ಓಡಾಡುವ ದಾರಿಯಲ್ಲಿ ಮಾತ್ರ ಕಲ್ಲು ಹಾಸಿ. ಸದಾ ತುಳಿದ ಕಡೆ ಅದು ಬೋಳಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಪಿಂಟೋ ಸಿಗಲಿಲ್ಲವೆಂದು ವೆಡೇಲಿಯಾ ತರಬೇಡಿ. ಚಿಕ್ಕ ಸೂರ್ಯಕಾಂತಿಯಂಥ ಹಳದಿ ಹೂವು, ಹೊಳೆಯುವ ಎಲೆ, ನೋಡಲು ಚಂದ. ನಾವೂ ಮೋಸಹೋಗಿ ಒಂದು ಮೂಲೆಯಲ್ಲಿ ನಾಲ್ಕು ಕಡ್ಡಿ ಊರಿದ್ದೆವು. ಎರಡನೇ ಮಳೆಗಾಲಕ್ಕೆ ಅದು ಕಾಂಪೌಂಡಿನ ಕೆಳಗಿನಿಂದ ಚರಂಡಿಗೆ ಇಳಿದಿತ್ತು. ಕಿತ್ತು ಎಸೆದ ತುಂಡುಗಳೂ ಬಿದ್ದಲ್ಲೇ ಬೇರು ಬಿಟ್ಟವು. ಪೂರ್ತಿ ತೆಗೆಯಲು ಎರಡು ವರ್ಷ ಹಿಡಿಯಿತು. ಉಷ್ಣವಲಯದ ಅಮೆರಿಕದಿಂದ ಬಂದ ಈ ಗಿಡ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಮಾಡಿದ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ, ಲಂಟಾನದ ಜೊತೆಯಲ್ಲೇ. ಬಂಡೀಪುರದ ಕಾಡಿಗೆ ಲಂಟಾನ ಏನು ಮಾಡಿದೆ ಎಂದು ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಮಲೆನಾಡಿನ ತೊರೆ, ತೋಟಗಳ ಅಂಚಿನಲ್ಲಿ ಮನೆಯಿರುವವರಂತೂ ಅದನ್ನು ಮುಟ್ಟಲೇಬಾರದು.

ಜಾಗವಿರುವವರು ಒಂದೇ ಮುಂಗಾರಿನಲ್ಲಿ ಎರಡನ್ನೂ ನೆಡಲಿ. ಒಂದನ್ನೇ ಮಾಡಲು ಕೈಯಲ್ಲಿ ಆಗುವುದಾದರೆ ಮರ ಮೊದಲು. ಪಿಂಟೋವನ್ನು ಯಾವ ವರ್ಷ ನೆಟ್ಟರೂ ಆರು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಹೊಂಗೆಯನ್ನು ಐದು ವರ್ಷ ತಡವಾಗಿ ನೆಟ್ಟರೆ ಐದು ಬೇಸಿಗೆ ಕಳೆದುಹೋಗುತ್ತವೆ, ಅವನ್ನು ಯಾವ ಗೊಬ್ಬರವೂ ತಂದುಕೊಡುವುದಿಲ್ಲ. ಜೊತೆಗೆ ನೆಟ್ಟರೆ ಸಸಿಯ ಬುಡದ ಸುತ್ತ ಒಂದೂವರೆ ಅಡಿ ಖಾಲಿ ಬಿಡಿ. ಎಳೆ ಕಾಂಡಕ್ಕೆ ಬಳ್ಳಿ ಸುತ್ತಿಕೊಂಡು ತೇವ ನಿಂತರೆ ತೊಗಟೆ ಕೊಳೆಯುತ್ತದೆ.

ನಾಲ್ಕೈದು ವರ್ಷಕ್ಕೆ ಹೊಂಗೆ ಹೂ ಬಿಡಲು ತೊಡಗಬಹುದು. ತಿಳಿ ನೇರಳೆ ಬೆರೆತ ಬಿಳಿ ಹೂಗಳು ಬೆಳಗಾಗುವಷ್ಟರಲ್ಲಿ ಉದುರಿ, ಪಿಂಟೋದ ಹಸಿರಿನ ಮೇಲೆ ಭತ್ತದ ಅರಳು ಚೆಲ್ಲಿದ ಹಾಗಿರುತ್ತದೆ. ಗುಡಿಸಬೇಡಿ, ಅದು ಅಲ್ಲೇ ಕರಗಿ ಗೊಬ್ಬರವಾಗಲಿ. ಫೆಬ್ರವರಿಯಲ್ಲಿ ಬೀಳುವ ಒಣ ಎಲೆ ಮಾತ್ರ ದಪ್ಪ ಪದರವಾದರೆ ಕೆಳಗಿನ ಬಳ್ಳಿಗೆ ಬೆಳಕು ಸಿಗುವುದಿಲ್ಲ, ಅದನ್ನು ಕೈಯಿಂದ ಎತ್ತಿ ಮರದ ಪಾತಿಗೆ ಹಾಕಿ. ಎಂಟು ಹತ್ತು ವರ್ಷದ ಹೊತ್ತಿಗೆ ನೆರಳು ದಟ್ಟವಾಗಿ ಪಿಂಟೋದ ಹೂವು ವಿರಳವಾಗುತ್ತದೆ. ಬಳ್ಳಿ ಬಿಸಿಲಿನ ಅಂಚಿಗೆ ಸರಿಯುತ್ತದೆ. ಹಿಂದಕ್ಕೆ ಎಳೆದು ತರಲು ಮರದ ಬುಡ ಅಗೆಯಬೇಡಿ, ಬೇರಿಗೆ ಗಾಯವಾದಲ್ಲೆಲ್ಲ ಹೊಂಗೆ ಮರಿ ಸಸಿ ಎಬ್ಬಿಸುತ್ತದೆ. ಖಾಲಿಯಾದ ಆ ನೆರಳಿನ ನೆಲಕ್ಕೆ, ನಲ್ಲಿಯ ನೀರು ಹರಿದು ಬರುವ ಕಡೆ, ಒಂದು ಹಿಡಿ ಒಂದೆಲಗ ತಂದು ಊರಿ. ಅದಕ್ಕೆ ಬೇಕಿರುವುದು ಅಂಥದೇ ಜಾಗ. ಮರುವರ್ಷದ ಬೇಸಿಗೆಗೆ ತಂಬುಳಿಗೆ ಸೊಪ್ಪು ಮನೆಯ ಬಾಗಿಲಲ್ಲೇ ಸಿಗುತ್ತದೆ.